ಬೇವಿನ ಗಾಯ ಮಾಯುತ್ತದೆ, ತೆಂಗಿನದು ಮಾಯದು

ತೆಂಗಿನ ಮರಕ್ಕೆ ಆದ ಗಾಯ ಮಾಯುವುದಿಲ್ಲ, ಬೇವಿನ ಮರದ್ದು ಮಾಯುತ್ತದೆ. ಯಾಕೆ ಹೀಗೆ ಎಂದು ನಾಲ್ಕು ಮಾತಿನಲ್ಲಿ ಹೇಳಬಲ್ಲ ಹುಡುಗಿಗೆ ಒಂಬತ್ತನೇ ತರಗತಿಯ ‘ಅಂಗಾಂಶಗಳು’ ಪಾಠ ಮುಕ್ಕಾಲು ಪಾಲು ಬಂದಿದೆ ಅಂತಲೇ ನನ್ನ ಲೆಕ್ಕ. ಆದರೆ ಪರೀಕ್ಷೆಯಲ್ಲಿ ಅವಳನ್ನು ಯಾರೂ ಇದನ್ನು ಕೇಳುವುದಿಲ್ಲ. ಸರಳ ಶಾಶ್ವತ ಅಂಗಾಂಶಗಳ ಮೂರು ವಿಧಗಳನ್ನು ಹೆಸರಿಸಿ ಎನ್ನುತ್ತಾರೆ. ಪೇರೆಂಕೈಮ, ಕೋಲೆಂಕೈಮ, ಸ್ಕ್ಲೀರೆಂಕೈಮ ಎಂದು ಅವಳು ಬರೆಯುತ್ತಾಳೆ, ಅಂಕ ಬೀಳುತ್ತದೆ, ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಮೂರೂ ಹೆಸರು ಮರೆತುಹೋಗಿರುತ್ತವೆ.

ತಿಪಟೂರು ಸೀಮೆಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ನನ್ನ ತರಗತಿಯಲ್ಲಿ ಕೂರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರ ನೋಟ್‌ಬುಕ್ಕು, ಚಪ್ಪಲಿ, ಬಸ್‌ಪಾಸು ಎಲ್ಲ ಕೊಬ್ಬರಿ ಮಾರಿದ ದುಡ್ಡಿನಿಂದ ಬಂದವು. ಕೊಬ್ಬರಿ ರೇಟು ಬಿದ್ದ ವರ್ಷ ಶಾಲೆಯ ಪ್ರವಾಸಕ್ಕೆ ಹೆಸರು ಕೊಡುವವರ ಸಂಖ್ಯೆಯೂ ಬೀಳುತ್ತಿತ್ತು. ಇಂಥ ಮಕ್ಕಳಿಗೆ ಸಸ್ಯ ಅಂಗಾಂಶದ ಪಾಠವನ್ನು ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಗುಂಡಗೆ, ಚೌಕವಾಗಿ ಚಿತ್ರ ಬಿಡಿಸಿ ಮುಗಿಸುವುದು ಎಂಥ ವಿಪರ್ಯಾಸ! ಪಾಠದಲ್ಲಿ ಬರುವ ಹತ್ತು ಹೆಸರುಗಳಲ್ಲಿ ಎಂಟೊಂಬತ್ತು ಅವರ ಹಿತ್ತಲಲ್ಲೇ ಬಿದ್ದಿರುತ್ತವೆ. ನಾವು ಪಾಠ ಮಾಡುತ್ತಿದ್ದ ಪುಸ್ತಕದಲ್ಲಿ ತೆಂಗಿನ ಸಿಪ್ಪೆ ಸ್ಕ್ಲೀರೆಂಕೈಮದಿಂದಾದದ್ದು ಎಂಬ ಒಂದು ಸಾಲೂ ಇತ್ತು. ಮಕ್ಕಳು ಅದರ ಕೆಳಗೆ ಗೆರೆ ಎಳೆದು ಮುಂದಕ್ಕೆ ಹೋಗುತ್ತಿದ್ದರು. ನನ್ನ ತಕರಾರು ಇಷ್ಟೇ: ನಮ್ಮ ಸೀಮೆಯಲ್ಲಿ ಆ ಒಂದು ಸಾಲೇ ಇಡೀ ಪಾಠ ಆಗಬೇಕಿತ್ತು.

ಸಿಪ್ಪೆಯಿಂದಲೇ ಶುರು ಮಾಡೋಣ. ಕಾಯಿ ಸುಲಿದ ಮೇಲೆ ಉಳಿದ ಮಟ್ಟೆಯನ್ನು ನೀರಲ್ಲಿ ನೆನೆಹಾಕಿ ಬಡಿದರೆ ಎರಡು ವಸ್ತು ಬೇರೆಯಾಗುತ್ತವೆ. ಕೈಗೆ ಉದ್ದುದ್ದ ಸಿಗುವುದು ನಾರು. ನೆಲಕ್ಕೆ ಉದುರುವ ಕಂದು ಬಣ್ಣದ ಪುಡಿ ಇನ್ನೊಂದು. ನಾರು ಎಂದರೆ ದಪ್ಪ ಗೋಡೆಯ, ಉದ್ದನೆಯ, ಸತ್ತ ಕೋಶಗಳ ಕಂತೆ, ಅದೇ ಸ್ಕ್ಲೀರೆಂಕೈಮ. ಆ ಪುಡಿಯಲ್ಲಿರುವುದು ಬಹುಪಾಲು ತೆಳು ಗೋಡೆಯ, ಒಳಗೆ ಖಾಲಿಯಾದ ಪೇರೆಂಕೈಮ. ಹಾಗಾಗಿಯೇ ನಾರು ನೀರು ಕುಡಿಯದೆ ಹಗ್ಗವಾಗುತ್ತದೆ, ಪುಡಿ ತನ್ನ ತೂಕದ ಏಳೆಂಟು ಪಟ್ಟು ನೀರು ಹಿಡಿದುಕೊಂಡು ಕೂರುತ್ತದೆ. ಒಂದು ಕಾಲಕ್ಕೆ ನಾರಿನ ಕಾರ್ಖಾನೆಗಳ ಪಕ್ಕ ಗುಡ್ಡೆ ಬಿದ್ದು ಯಾರಿಗೂ ಬೇಡವಾಗಿದ್ದ ಈ ಪುಡಿ ಈಗ ಇಟ್ಟಿಗೆಯ ಆಕಾರಕ್ಕೆ ಒತ್ತಿಸಿಕೊಂಡು ನರ್ಸರಿಗಳಿಗೂ ಹೊರದೇಶಗಳಿಗೂ ಹೋಗುತ್ತದೆ. ಒಂದೇ ಮಟ್ಟೆ, ಎರಡು ಅಂಗಾಂಶ, ಎರಡು ವ್ಯಾಪಾರ. ಮಕ್ಕಳಿಗೆ ವ್ಯತ್ಯಾಸ ಮನವರಿಕೆ ಮಾಡಲು ಇದಕ್ಕಿಂತ ಚೆನ್ನಾದ ಉದಾಹರಣೆ ನನಗಂತೂ ಗೊತ್ತಿಲ್ಲ.

ನಾರಿಗೆ ಆ ಗಟ್ಟಿತನ ಬರುವುದು ಲಿಗ್ನಿನ್ ಎಂಬ ವಸ್ತುವಿನಿಂದ. ತೆಂಗಿನ ನಾರಿನಲ್ಲಿ ಅದು ಸುಮಾರು ಶೇ 40ರಷ್ಟಿರುತ್ತದೆ. ನಾರುಗಳ ಪೈಕಿ ಇದು ಬಹಳ ಹೆಚ್ಚು. ಹತ್ತಿಯಲ್ಲಿ ಲಿಗ್ನಿನ್ ಇಲ್ಲವೆಂದೇ ಹೇಳಬಹುದು. ಹತ್ತಿಯ ಎಳೆ ಬೀಜದ ಸಿಪ್ಪೆಯ ಮೇಲಿನ ಒಂದೊಂದು ಕೋಶ ಉದ್ದಕ್ಕೆ ಬೆಳೆದದ್ದು, ಹೆಚ್ಚೂಕಡಿಮೆ ಪೂರ್ತಿ ಸೆಲ್ಯುಲೋಸು. ಆದ್ದರಿಂದಲೇ ಹತ್ತಿ ಮೈಗೆ ಮೆತ್ತಗೆ, ತೆಂಗಿನ ನಾರು ಕಾಲೊರಸಿಗೆ ಸರಿ. ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆದರೂ ಬೇಗ ಕೊಳೆಯದ ಹಗ್ಗ ಬೇಕಾದಾಗ ಕಡಲ ಮೇಲೆ ಬದುಕುವವರು ತೆಂಗಿನ ನಾರನ್ನೇ ಹುಡುಕಿಕೊಂಡು ಹೋದದ್ದೂ ಇದೇ ಕಾರಣಕ್ಕೆ.

ಒಳಗೆ ಚಿಪ್ಪು. ಅದೂ ಸ್ಕ್ಲೀರೆಂಕೈಮವೇ, ಆದರೆ ಬೇರೆ ಬಗೆಯದು: ಉದ್ದವಲ್ಲದ, ಗೋಡೆಯೇ ತುಂಬಿಕೊಂಡು ನಡುವೆ ಸೂಜಿಮೊನೆಯಷ್ಟು ಜಾಗ ಉಳಿದ ಕಲ್ಲುಕೋಶಗಳು. ಸೀಬೆಹಣ್ಣು ಕಚ್ಚಿದಾಗ ಹಲ್ಲಿಗೆ ಮರಳಿನಂತೆ ಸಿಗುತ್ತದಲ್ಲ, ಅದೂ ಇದೇ ಜಾತಿಯ ಕೋಶಗಳ ಗುಂಪು. ತರಗತಿಗೆ ಸೀಬೆಹಣ್ಣು ತಂದ ದಿನ ಪಾಠಕ್ಕೆ ಗೈರುಹಾಜರಿ ಇರುತ್ತಿರಲಿಲ್ಲ ಎಂಬುದನ್ನೂ ದಾಖಲಿಸಬೇಕು.

ಚಿಪ್ಪಿನೊಳಗಿನ ಕಥೆ ಇನ್ನೂ ಸೊಗಸು. ಎಳನೀರು ಎಂದರೆ ಬೀಜದೊಳಗಿನ ಆಹಾರದ ಅಂಗಾಂಶ, ಭ್ರೂಣಾಹಾರ. ಇನ್ನೂ ಕೋಶಗಳ ಗೋಡೆ ಕಟ್ಟಿಕೊಳ್ಳದೆ ನ್ಯೂಕ್ಲಿಯಸ್‌ಗಳು ತೇಲಾಡುತ್ತಿರುವ ಸ್ಥಿತಿ. ಕಾಯಿಗೆ ಐದಾರು ತಿಂಗಳಾದ ಮೇಲೆ ಒಳಗೋಡೆಯ ಅಂಚಿನಿಂದ ಗೋಡೆಗಳು ಮೂಡತೊಡಗುತ್ತವೆ. ಆಗ ಸಿಗುವುದು ಗಂಜಿ. ಗಂಜಿ ಬಲಿತು ಕಾಯಿ, ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದರೆ ನೀರೆಲ್ಲ ಇಂಗಿ, ಒಳಗೆ ಗಡಗಡ ಸದ್ದು ಮಾಡುವ ತಿಪಟೂರಿನ ಉಂಡೆ ಕೊಬ್ಬರಿ. ಅಂಗಾಂಶವೊಂದು ಹುಟ್ಟಿ, ಬೆಳೆದು, ಎಣ್ಣೆ ತುಂಬಿಕೊಳ್ಳುವ ಅಷ್ಟೂ ಹಂತಗಳನ್ನು ನಾವು ಕುಡಿದು, ಚಮಚದಲ್ಲಿ ಕೆರೆದು, ತುರಿದು, ಕೊನೆಗೆ ಎಪಿಎಂಸಿಗೆ ಸಾಗಿಸುತ್ತೇವೆ.

ಈ ಎಳನೀರು ಜಗತ್ತಿನ ಜೀವಶಾಸ್ತ್ರವನ್ನೇ ಬದಲಿಸಿತು ಎಂದರೆ ನನ್ನ ವಿದ್ಯಾರ್ಥಿಗಳು ಮೊದಲು ನಗುತ್ತಿದ್ದರು. ನಿಜ ಸಂಗತಿ ಅದು. 1902ರಲ್ಲಿ ಹ್ಯಾಬರ್‌ಲ್ಯಾಂಟ್ ಎಂಬ ಆಸ್ಟ್ರಿಯದ ವಿಜ್ಞಾನಿ, ಗಿಡದ ಒಂದೇ ಒಂದು ಕೋಶದಿಂದ ಇಡೀ ಗಿಡವನ್ನು ಬೆಳೆಸಬಹುದೆಂದು ಹೇಳಿದರು, ಆದರೆ ಬೆಳೆಸಿ ತೋರಿಸಲಾಗಲಿಲ್ಲ. ಕೋಶಗಳಿಗೆ ಏನು ತಿನ್ನಿಸಬೇಕೆಂಬುದೇ ಗೊತ್ತಿರಲಿಲ್ಲ. 1941ರಲ್ಲಿ ವ್ಯಾನ್ ಓವರ್‌ಬೀಕ್ ಮತ್ತು ಸಂಗಡಿಗರು ಉಮ್ಮತ್ತಿ ಗಿಡದ ಎಳೆಯ ಭ್ರೂಣಗಳಿಗೆ ತೆಂಗಿನ ನೀರು ಕೊಟ್ಟು ಬೆಳೆಸಿದರು. 1958ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಎಫ್.ಸಿ. ಸ್ಟೀವರ್ಡ್, ಕ್ಯಾರೆಟ್ಟಿನ ಫ್ಲೋಯಂ, ಎಂದರೆ ಸಕ್ಕರೆ ಸಾಗಿಸುವ ಅಂಗಾಂಶದ, ಭಾಗದಿಂದ ಕೋಶಗಳನ್ನು ತೆಗೆದು ತೆಂಗಿನ ನೀರು ಬೆರೆಸಿದ ದ್ರವದಲ್ಲಿ ಇಟ್ಟು, ಅವುಗಳಿಂದ ಪೂರ್ತಿ ಕ್ಯಾರೆಟ್ ಗಿಡಗಳನ್ನೇ ಪಡೆದರು. ಸುಮ್ಮನೆ ಜಾಗ ತುಂಬಿಕೊಂಡು ಕೂತಿದೆ ಎಂದು ನಾವು ಪಾಠ ಮಾಡುವ ಕೋಶದೊಳಗೆ ಇಡೀ ಗಿಡವೇ ಅಡಗಿದೆ ಎಂದು ತೋರಿದ್ದು ಹೀಗೆ. ಈಗ ನಮ್ಮ ರೈತರು ಟಿಶ್ಯೂ ಕಲ್ಚರ್ ಬಾಳೆ ಎಂದು ಸಸಿ ತಂದು ನೆಡುತ್ತಾರಲ್ಲ, ಆ ದಾರಿಯ ಆರಂಭದ ಮೈಲಿಗಲ್ಲುಗಳಲ್ಲಿ ಒಂದು ಎಳನೀರು. ಇತರ ಗಿಡಗಳ ಕೋಶಗಳನ್ನು ಇಷ್ಟು ಸಲೀಸಾಗಿ ಬೆಳೆಸುವ ತೆಂಗು, ತಾನು ಮಾತ್ರ ಪ್ರಯೋಗಾಲಯದ ಬಾಟಲಿಯಲ್ಲಿ ಬೆಳೆಯಲು ಬಹಳ ಹಟ ಮಾಡುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಸೇರಿದಂತೆ ಅನೇಕ ಕಡೆ ದಶಕಗಳಿಂದ ಅದರ ಜತೆ ಗುದ್ದಾಟ ನಡೆದಿದೆ.

ಇನ್ನು ಮರದ ತುದಿಗೆ ಬರೋಣ. ತೆಂಗಿಗೆ ಕೊಂಬೆಯಿಲ್ಲ. ಇರುವುದು ಒಂದೇ ಸುಳಿ. ಆ ಸುಳಿಯ ಬುಡದಲ್ಲಿ, ಎಳೆಯ ಗರಿಗಳ ಮಡಿಕೆಯೊಳಗೆ, ವರ್ಧನ ಅಂಗಾಂಶ ಕೂತಿರುತ್ತದೆ: ಒಡೆಯುತ್ತಾ, ಹೆಚ್ಚುತ್ತಾ, ತಿಂಗಳಿಗೆ ಹೆಚ್ಚೂಕಡಿಮೆ ಒಂದರಂತೆ ಹೊಸ ಗರಿ ಕೊಡುವ ಪುಟ್ಟ ಕೋಶಗಳ ರಾಶಿ. ಇಡೀ ಮರದ ಮುಂದಿನ ಬದುಕೆಲ್ಲ ಅಲ್ಲಿದೆ. ಮಾವಿನ ಮರದ ಒಂದು ಕುಡಿ ಹೋದರೆ ಪಕ್ಕದ ಮೊಗ್ಗು ಚಿಗುರುತ್ತದೆ. ತೆಂಗಿನ ಸುಳಿ ಕೊಳೆತರೆ ಮರ ಮುಗಿಯಿತು. ದುಂಬಿ ಹೊಡೆದ ಮರದ ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣುವುದನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಗರಿ ಇನ್ನೂ ಸುಳಿಯೊಳಗೆ ಮಡಿಚಿಕೊಂಡಿದ್ದಾಗ ದುಂಬಿ ಅಡ್ಡಕ್ಕೆ ಕೊರೆದುಕೊಂಡು ಹೋದ ಗುರುತು ಅದು. ಇನ್ನೊಂದಿಷ್ಟು ಆಳಕ್ಕೆ ಕೊರೆದಿದ್ದರೆ ವರ್ಧನ ಅಂಗಾಂಶವೇ ಹೋಗುತ್ತಿತ್ತು. ತಿಪ್ಪೆಗುಂಡಿಯಲ್ಲಿ ಈ ದುಂಬಿಯ ಮರಿಯಾದ ಗೊಬ್ಬರದ ಹುಳ ಆರಿಸಿ ಕೊಲ್ಲಬೇಕೆಂದು ಕೃಷಿ ಇಲಾಖೆಯವರು ಯಾಕೆ ಅಷ್ಟು ಒತ್ತಿ ಹೇಳುತ್ತಾರೆ ಎಂಬುದು ಈ ಒಂದು ವಾಕ್ಯದಿಂದ ಅರ್ಥವಾಗುತ್ತದೆ. ಪಾಠದಲ್ಲಿ ಮಾತ್ರ ‘ತುದಿ ವರ್ಧನ ಅಂಗಾಂಶ: ಉದ್ದ ಹೆಚ್ಚಿಸುತ್ತದೆ’ ಎಂದು ಒಂದು ಸಾಲಿನಲ್ಲಿ ಕಥೆ ಮುಗಿದಿರುತ್ತದೆ.

ಈಗ ಮೊದಲ ಮಾತಿಗೆ, ಗಾಯಕ್ಕೆ.

ಬೇವು, ಹೊಂಗೆ, ಹುಣಸೆ, ಮಾವು ಇವುಗಳ ತೊಗಟೆಗೂ ಮರದ ಗಟ್ಟಿ ಭಾಗಕ್ಕೂ ನಡುವೆ ಕೆಲವೇ ಕೋಶಗಳಷ್ಟು ತೆಳ್ಳಗಿನ ಒಂದು ಪದರ ಸುತ್ತಲೂ ಬಳಸಿರುತ್ತದೆ. ಕ್ಯಾಂಬಿಯಂ ಎನ್ನುತ್ತಾರೆ. ಇದು ಒಳಮುಖವಾಗಿ ಕ್ಸೈಲಮ್ ಕೋಶಗಳನ್ನು, ಹೊರಮುಖವಾಗಿ ಫ್ಲೋಯಂ ಕೋಶಗಳನ್ನು ಹೆರುತ್ತಾ ಹೋಗುತ್ತದೆ. ಒಳಗಿನದು ಬೇರಿನಿಂದ ನೀರು ಏರಿಸುತ್ತದೆ, ಹೊರಗಿನದು ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೂ ಹಣ್ಣಿಗೂ ಹಂಚುತ್ತದೆ. ಕ್ಸೈಲಮ್‌ನ ನೀರು ಸಾಗಿಸುವ ಕೊಳವೆಗಳು ಸತ್ತ ಮೇಲೇ ಕೆಲಸಕ್ಕೆ ಬರುವಂಥವು. ಒಳಗಿನದೆಲ್ಲ ಕರಗಿ, ಗೋಡೆ ಮಾತ್ರ ಉಳಿಯಬೇಕು. ಫ್ಲೋಯಂನ ಜರಡಿ ಕೊಳವೆಗಳು ಬದುಕಿರಬೇಕು. ಆದರೆ ಅವುಗಳಿಗೆ ಸ್ವಂತ ನ್ಯೂಕ್ಲಿಯಸ್ ಇಲ್ಲ, ಪಕ್ಕದ ಸಂಗಾತಿ ಕೋಶದ ಆಸರೆಯಲ್ಲಿ ದಿನ ದೂಡುತ್ತವೆ. ಮರಕ್ಕೆ ಮಚ್ಚಿನ ಏಟು ಬಿದ್ದರೆ ಗಾಯದ ಅಂಚಿನ ಕ್ಯಾಂಬಿಯಂ ಉಬ್ಬಿ, ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಒಳಸರಿದು ಗಾಯವನ್ನು ಮುಚ್ಚುತ್ತದೆ. ಹಳೆ ಬೇವಿನ ಮರದ ಮೈಮೇಲೆ ತುಟಿ ಮಡಿಚಿದಂತಿರುವ ಗುರುತುಗಳು ಇವೇ.

ತೆಂಗಿಗೆ ಕ್ಯಾಂಬಿಯಂ ಇಲ್ಲ. ಅಡಿಕೆ, ಈಚಲು, ತಾಳೆ ಯಾವುದಕ್ಕೂ ಇಲ್ಲ. ತೆಂಗಿನ ಕಾಂಡವನ್ನು ಅಡ್ಡ ಕೊಯ್ದರೆ ಬೆಳವಣಿಗೆಯ ಉಂಗುರ ಕಾಣುವುದಿಲ್ಲ. ಮೆತ್ತನೆಯ ಪೇರೆಂಕೈಮದ ನಡುವೆ ನಾರಿನ ಕವಚ ತೊಟ್ಟ ಸಾವಿರಾರು ಕಟ್ಟುಗಳು ಚುಕ್ಕಿ ಚುಕ್ಕಿಯಾಗಿ ಹರಡಿಕೊಂಡಿರುತ್ತವೆ. ಕಾಂಕ್ರೀಟ್ ಕಂಬದೊಳಗೆ ಕಬ್ಬಿಣದ ಸರಳು ನಿಲ್ಲಿಸಿದ ಹಾಗೆ. ಹೊರ ಅಂಚಿನಲ್ಲಿ ಈ ಕಟ್ಟುಗಳು ಒತ್ತೊತ್ತಾಗಿ, ನಡುವೆ ವಿರಳವಾಗಿ ಇರುವುದರಿಂದಲೇ ಗಾಳಿಗೆ ಮರ ಬಾಗುತ್ತದೆಯೇ ಹೊರತು ಸುಲಭಕ್ಕೆ ಮುರಿಯುವುದಿಲ್ಲ. ಪ್ರತಿಯೊಂದು ಕಟ್ಟಿನಲ್ಲೂ ಅದರದೇ ಕ್ಸೈಲಮ್, ಅದರದೇ ಫ್ಲೋಯಂ ಉಂಟು. ಹೊಸ ಕೊಳವೆ ಮಾಡಿಕೊಳ್ಳುವ ದಾರಿಯಿಲ್ಲದ ಕಾರಣ, ಒಮ್ಮೆ ಆದ ಕೋಶಗಳೇ ಮರ ಇರುವಷ್ಟು ಕಾಲ ದುಡಿಯಬೇಕು. ತಾಳೆ ಜಾತಿಯ ಮರಗಳ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ಪಿ. ಬ್ಯಾರಿ ಟಾಮ್ಲಿನ್‌ಸನ್ 2012ರಲ್ಲಿ ಸಹಲೇಖಕರೊಬ್ಬರ ಜತೆ ಬರೆದ ಪ್ರಬಂಧದಲ್ಲಿ ಎತ್ತಿ ತೋರಿಸಿದ್ದು ಇದನ್ನೇ: ಬೇರೆ ಮರಗಳಲ್ಲಿ ಫ್ಲೋಯಂ ಕೊಳವೆಗಳು ಬದಲಾಗುತ್ತಾ ಹೋಗುತ್ತವೆ, ಇವುಗಳಲ್ಲಿ ಅದೇ ಕೋಶಗಳು ದಶಕಗಳ ಕಾಲ ಜೀವಂತವಾಗಿ ದುಡಿಯುತ್ತವೆ. ನಿಮ್ಮ ತಾತ ನೆಟ್ಟ ಮರದ ಬುಡದ ಭಾಗದಲ್ಲಿ ಈಗಲೂ ಸಕ್ಕರೆ ಹರಿಸುತ್ತಿರುವ ಕೊಳವೆಗಳು ತಾತನ ಕಾಲದವು.

ಅಂಥ ಕಾಂಡಕ್ಕೆ ನಾವು ಏನು ಮಾಡುತ್ತೇವೆ? ಹತ್ತಲು ಅನುಕೂಲವೆಂದು ಕಚ್ಚು ಹಾಕುತ್ತೇವೆ. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಯನ್ನು ಮೊಳೆ ಹೊಡೆದು ಅದಕ್ಕೇ ನೇತು ಹಾಕುತ್ತೇವೆ. ಟ್ರ್ಯಾಕ್ಟರ್ ತಿರುಗಿಸುವಾಗ ನೇಗಿಲಿನ ಕೊನೆ ತಾಗಿದರೆ ‘ಮರ ಅಲ್ವಾ, ಏನಾಗಲ್ಲ ಬಿಡಿ’ ಅನ್ನುತ್ತೇವೆ. ಆಗುತ್ತದೆ. ಆ ಗುಂಡಿ ಮರ ಬೀಳುವವರೆಗೂ ಗುಂಡಿಯಾಗಿಯೇ ಇರುತ್ತದೆ. ಗಾಯದ ವಾಸನೆ ಹಿಡಿದು ಕೆಂಪು ಮೂತಿ ಹುಳು ಬಂದು ಮೊಟ್ಟೆಯಿಡುತ್ತದೆ, ಮರಿಗಳು ಒಳಗಿನ ಮೆತ್ತನೆ ಪೇರೆಂಕೈಮವನ್ನು ಮೇಯುತ್ತವೆ, ಹೊರಗೆ ಕಂದು ರಸ ಸೋರಿದಾಗ ನಮಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕಾಂಡ ಸೋರುವ ರೋಗದ ಶಿಲೀಂಧ್ರಕ್ಕೂ ಒಳಬರಲು ಇಂಥದ್ದೇ ಬಿರುಕು ಬೇಕು. ಹೀಗೆಂದು ಹೇಳಿದಾಗ ನಮ್ಮೂರಿನ ಹಿರಿಯರೊಬ್ಬರು, ‘ಮೇಡಮ್ನೋರೆ, ಹತ್ತೋದು ಹೆಂಗೆ ಮತ್ತೆ?’ ಎಂದರು. ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ದೋಟಿ ಇದೆ, ಕಾಲಿಗೆ ಹಾಕುವ ಹಗ್ಗದ ಕುಣಿಕೆ ಇದೆ, ಈಗ ಮರ ಹತ್ತುವ ಕಬ್ಬಿಣದ ಸಲಕರಣೆಯೂ ಸಿಗುತ್ತದೆ. ಕಚ್ಚು ಬೇಕಿಲ್ಲ.

ಕ್ಯಾಂಬಿಯಂ ಇಲ್ಲದ್ದಕ್ಕೆ ಇನ್ನೊಂದು ಪರಿಣಾಮವೂ ಇದೆ. ನಮ್ಮ ಬಯಲುಸೀಮೆಯ ತೋಟಗಳಲ್ಲಿ ಕೆಲವು ಮರಗಳ ಕಾಂಡ ಬುಡದಲ್ಲಿ ದಪ್ಪ, ನಡುವೆ ಸಣಕಲು, ಮೇಲೆ ಮತ್ತೆ ದಪ್ಪ. ಆ ಸಣಕಲು ಭಾಗ ಸುಳಿಯಾಗಿದ್ದ ವರ್ಷಗಳಲ್ಲಿ ನೀರೋ ಗೊಬ್ಬರವೋ ಸಾಲದೆ ಹೋಗಿದೆ. ಆಮೇಲೆ ಎಷ್ಟೇ ಮಳೆ ಬರಲಿ, ಕೊಳವೆಬಾವಿ ಕೊರೆಸಲಿ, ಆ ಸೊಂಟ ಬೇವಿನ ಬುಡದಂತೆ ವರ್ಷ ವರ್ಷ ತುಂಬಿಕೊಳ್ಳುವುದಿಲ್ಲ. ಕಾಂಡದ ಮೇಲಿನ ಗರಿ ಉದುರಿದ ಗುರುತುಗಳನ್ನು ವರ್ಷಕ್ಕೆ ಹನ್ನೆರಡರ ಆಸುಪಾಸು ಎಂದು ಎಣಿಸಿಕೊಂಡು ಇಳಿದರೆ ಯಾವ ಕಾಲದ ಬರ ಅದು ಎಂದು ಅಂದಾಜು ಹಾಕಬಹುದು. ಗಣಿತದ ಮೇಷ್ಟ್ರು, ಸಮಾಜ ವಿಜ್ಞಾನದ ಮೇಡಂ, ನಾನು ಮೂವರೂ ಸೇರಿ ಮಾಡಬಹುದಾದ ಪಾಠ. ವೇಳಾಪಟ್ಟಿ ಬಿಡಲಿಲ್ಲ.

ಬೇವಿನ ಗಾಯ ಮಾಯುತ್ತದೆ ಎಂದೆ. ಅದಕ್ಕೊಂದು ಮಿತಿಯಿದೆ, ಊರಿನ ರಸ್ತೆಬದಿಯಲ್ಲಿ ಆ ಮಿತಿಯನ್ನು ನಾವು ದಿನವೂ ದಾಟುತ್ತೇವೆ. ತೊಗಟೆಯನ್ನು ಒಂದು ಕಡೆ ಕಿತ್ತರೆ ಮರ ಸಹಿಸಿಕೊಳ್ಳುತ್ತದೆ. ಸುತ್ತಲೂ ಬಳೆಯಂತೆ ಕಿತ್ತರೆ ಫ್ಲೋಯಂ ಪೂರ್ತಿ ತುಂಡಾಗಿ ಬೇರಿಗೆ ಸಕ್ಕರೆ ಇಳಿಯುವುದು ನಿಲ್ಲುತ್ತದೆ. ಕ್ಸೈಲಮ್ ಒಳಗೆ ಭದ್ರವಾಗಿರುವುದರಿಂದ ಎಲೆಗೆ ನೀರು ಹೋಗುತ್ತಲೇ ಇರುತ್ತದೆ, ಮರ ಹಸಿರಾಗಿಯೇ ಕಾಣುತ್ತದೆ. ಬೇರು ತನ್ನ ಕೂಡಿಟ್ಟ ಪಿಷ್ಟ ತಿಂದು ಮುಗಿಸಿ ಸಾಯುವವರೆಗೆ, ಎಂದರೆ ತಿಂಗಳುಗಳ ತನಕ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ, ಯಾರಿಗೂ ಅನುಮಾನ ಬರುವುದಿಲ್ಲ. ಕೊಂದವರು ಸಿಕ್ಕಿಬೀಳದಿರುವುದು ಇದೇ ಅಂಗರಚನೆಯ ದಯೆಯಿಂದ. ಬೆಂಗಳೂರಿನಲ್ಲಿ ಜಾಹೀರಾತು ಫಲಕಕ್ಕೆ ಅಡ್ಡ ಬಂದ ಮರಗಳ ಬುಡಕ್ಕೆ ರಂಧ್ರ ಕೊರೆದು ಆಸಿಡ್ ಸುರಿದ ಸುದ್ದಿಗಳನ್ನು ಓದಿದವರಿಗೆ ಇದು ಹೊಸತಲ್ಲ. 17ನೇ ಶತಮಾನದಲ್ಲೇ ಇಟಲಿಯ ವೈದ್ಯ ಮಾಲ್ಪೀಘಿ ಹೀಗೆ ಉಂಗುರ ತೆಗೆದು, ಗಾಯದ ಮೇಲ್ಭಾಗ ಉಬ್ಬಿಕೊಳ್ಳುವುದನ್ನು ಗಮನಿಸಿದ್ದರು: ಕೆಳಗಿಳಿಯಬೇಕಿದ್ದ ಆಹಾರ ಅಲ್ಲೇ ನಿಂತಿತ್ತು. ನಮ್ಮ ದಾಳಿಂಬೆ ಬೆಳೆಗಾರರು ಗೂಟಿ ಕಟ್ಟುವಾಗ ಈ ಉಬ್ಬನ್ನೇ ಬಳಸಿಕೊಂಡು ಬೇರು ಬರಿಸುತ್ತಾರೆ. ಅವರಿಗೆ ಫ್ಲೋಯಂ ಎಂಬ ಹೆಸರು ಬೇಕಾಗಿಲ್ಲ, ಜಾಗ ಗೊತ್ತು.

ಜಾಗ ಗೊತ್ತಿಲ್ಲದವರು ನಾವು, ಪಟ್ಟಣದವರು. ದೀಪಾಲಂಕಾರದ ತಂತಿ, ಕೇಬಲ್ಲು, ಫ್ಲೆಕ್ಸಿನ ಕಟ್ಟು ಎಲ್ಲವನ್ನೂ ಕಾಂಡಕ್ಕೆ ಬಿಗಿದು ಮರೆತುಬಿಡುತ್ತೇವೆ. ಕ್ಯಾಂಬಿಯಂ ಇರುವ ಮರ ದಪ್ಪಗಾಗುತ್ತಲೇ ಹೋಗುತ್ತದೆ, ತಂತಿ ಹಿಗ್ಗುವುದಿಲ್ಲ. ಕೆಲವು ವರ್ಷದಲ್ಲಿ ತಂತಿಯೇ ಫ್ಲೋಯಂ ಕೊಯ್ಯುತ್ತದೆ. ತಮಾಷೆಯೆಂದರೆ ಇದೇ ತಂತಿಯನ್ನು ತೆಂಗಿಗೆ ಕಟ್ಟಿದರೆ ಅದಕ್ಕೆ ಕುತ್ತಿಗೆ ಬಿಗಿಯುವುದಿಲ್ಲ, ಯಾಕೆಂದರೆ ಅದು ಹಾಗೆ ದಪ್ಪಗಾಗುವುದೇ ಇಲ್ಲ. ಅದರ ಫ್ಲೋಯಂ ಕಾಂಡದ ತುಂಬ ಹರಡಿರುವುದರಿಂದ ಹೊರಗಿನ ಬಳೆಗಾಯಕ್ಕೆ ಸಾಯುವುದೂ ಇಲ್ಲ. ಒಂದಕ್ಕೆ ಮೊಳೆ ಹಾನಿ, ಇನ್ನೊಂದಕ್ಕೆ ತಂತಿ ಹಾನಿ. ಎರಡನ್ನೂ ಒಂದೇ ರೀತಿ ‘ಮರ’ ಎಂದು ನೋಡುವ ಕಣ್ಣಿಗೆ ಇದು ಕಾಣದು.

ಫುಟ್‌ಪಾತ್ ಮಾಡುವವರು ಬುಡದವರೆಗೂ ಸಿಮೆಂಟ್ ಒತ್ತಿ ಬಿಡುವುದು ಇನ್ನೊಂದು ಅಭ್ಯಾಸ. ಬೇರಿನ ಕೋಶಗಳೂ ಉಸಿರಾಡಬೇಕು, ಅವಕ್ಕೂ ಆಮ್ಲಜನಕ ಬೇಕು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ವಿಚಾರದಲ್ಲಿ, ಬುಡದ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟ್ ತೆಗೆಯಬೇಕು, ಮರಗಳ ಮೇಲಿನ ಫಲಕ, ತಂತಿಗಳನ್ನು ಬಿಚ್ಚಬೇಕು ಎಂದು ಆದೇಶಿಸಿತು. ನಮ್ಮ ಪಟ್ಟಣಗಳಲ್ಲಿ ಗುತ್ತಿಗೆದಾರರಿಗೆ ಆ ಸುದ್ದಿ ತಲುಪಿದಂತೆ ಕಾಣುವುದಿಲ್ಲ.

ಅದೇ ವೇಳೆಗೆ, ಒಳಗೆ ಟೊಳ್ಳಾದ ಮರ ಕಂಡರೆ ‘ಸತ್ತಿದೆ, ಕಡಿಯಲು ಅನುಮತಿ ಕೊಡಿ’ ಎಂದು ಅರ್ಜಿ ಹೋಗುತ್ತದೆ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು ಒಮ್ಮೆ ನೋಡಿಬನ್ನಿ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಜಾಗ. ಅಲ್ಲಿ ಹಳೆಯ ಹುಣಸೆಗಳ ಹೊಟ್ಟೆ ಟೊಳ್ಳಾಗಿದೆ, ನೆತ್ತಿ ಹಸಿರಾಗಿದೆ. ನಡುವಿನ ಚೇಗು ಹೇಗೂ ಸತ್ತ ಕೋಶಗಳ ಉಗ್ರಾಣ; ಬದುಕು ಇರುವುದು ಹೊರ ಅಂಚಿನಲ್ಲಿ. ಟೊಳ್ಳು ಮರ ಜನರ ಓಡಾಟದ ರಸ್ತೆ ಮೇಲೆ ವಾಲಿದ್ದರೆ ಅಪಾಯ ನಿಜ, ಪರೀಕ್ಷಿಸಿ ಕಡಿಯಲಿ. ಆದರೆ ಟೊಳ್ಳಾಗಿದೆ ಎಂಬುದಷ್ಟೇ ಸಾವಿನ ಪ್ರಮಾಣಪತ್ರ ಆಗಬಾರದು.

ಇದೆಲ್ಲ ಒಂಬತ್ತನೇ ತರಗತಿಯ ಮಟ್ಟ ಮೀರಿದ್ದು ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಮೇಲೆ ಬರೆದದ್ದರಲ್ಲಿ ಪಾಠಕ್ಕೆ ಹೊರತಾದ ಹೆಸರು ಒಂದೋ ಎರಡೋ ಅಷ್ಟೆ. ಹೆಸರುಗಳೇ ಬೇಡ ಎನ್ನುವವಳೂ ನಾನಲ್ಲ. ಹೆಸರು ಗೊತ್ತಿಲ್ಲದೆ ಮುಂದೆ ಓದಲಾಗದು. ತೆಂಗಿನಲ್ಲಿ ಎಲ್ಲವೂ ಸಿಗುತ್ತದೆಂದೂ ಹೇಳುವುದಿಲ್ಲ. ಕೋಲೆಂಕೈಮ ಏಕದಳ ಸಸ್ಯಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅದಕ್ಕೆ ತುಳಸಿಕಟ್ಟೆಗೆ ಹೋಗಬೇಕು: ಎಳೆಯ ತುಳಸಿ ಕಾಂಡ ನಾಲ್ಕು ಮೂಲೆಯದು, ಆ ಮೂಲೆಗಳಲ್ಲಿ ಬಾಗಿದರೂ ಮುರಿಯದಂತೆ ಹಿಡಿದಿರುವುದು ಕೋಲೆಂಕೈಮ. ಮಂಡ್ಯದ ಶಾಲೆಯವರಿಗೆ ಕಬ್ಬು ಇದೆ. ಜಗಿದು ನುಂಗುವ ರಸ ಪೇರೆಂಕೈಮದ್ದು, ಉಗುಳುವ ಸಿಪ್ಪೆ ಬಹುಪಾಲು ಸ್ಕ್ಲೀರೆಂಕೈಮ ಮತ್ತು ಕ್ಸೈಲಮ್. ವಿಜಯಪುರದ ಕಡೆ ಜೋಳದ ದಂಟು, ಶಿರಸಿಯಲ್ಲಿ ಅಡಿಕೆ. ಯಾವ ಊರಿಗೂ ಒಂದು ಗಿಡದ ಕೊರತೆಯಿಲ್ಲ.

ಕೊರತೆ ಇರುವುದು ಸೂಕ್ಷ್ಮದರ್ಶಕಕ್ಕೆ, ಅದಕ್ಕಿಂತ ಹೆಚ್ಚಾಗಿ ಅದನ್ನು ಬೀರುವಿನಿಂದ ಹೊರತೆಗೆಯುವ ಧೈರ್ಯಕ್ಕೆ. ಒಡೆದರೆ ಯಾರು ಕಟ್ಟಿಕೊಡುವುದು ಎಂಬ ಭಯದಲ್ಲಿ ಎಷ್ಟೋ ಶಾಲೆಗಳಲ್ಲಿ ಅದು ತಪಾಸಣೆಯ ದಿನ ಮಾತ್ರ ಬಟ್ಟೆ ಕಳಚುತ್ತದೆ. ಬ್ಲೇಡಿನ ಮಾತು ಎತ್ತಿದರಂತೂ ಮುಖ್ಯೋಪಾಧ್ಯಾಯರು ಹೌಹಾರುತ್ತಾರೆ. ಮನೆಯಲ್ಲಿ ಮಚ್ಚು ಹಿಡಿದು ಕಾಯಿ ಸುಲಿಯುವ ಹುಡುಗನಿಗೆ ಶಾಲೆಯಲ್ಲಿ ಬ್ಲೇಡ್ ಕೊಡಲು ನಮಗೆ ಅಂಜಿಕೆ! ಪುಸ್ತಕವೇ ಕಾಂಡವನ್ನು ತೆಳ್ಳಗೆ ಸೀಳಿ, ಸ್ಯಾಫ್ರನಿನ್ ಹಾಕಿ ನೋಡಿ ಎಂದು ಚಟುವಟಿಕೆ ಕೊಟ್ಟಿತ್ತು. ಮೆತ್ತನೆ ಕಾಂಡವಾದರೆ ಕ್ಯಾರೆಟ್ ತುಂಡಿನ ನಡುವೆ ಸಿಕ್ಕಿಸಿ ಹಿಡಿದು ಸೀಳಬೇಕು. ಹತ್ತು ಸೀಳಿನಲ್ಲಿ ಒಂದು ಸರಿಬರುತ್ತದೆ. ಲಿಗ್ನಿನ್ ಇರುವ ಗೋಡೆಗಳು ಕೆಂಪಗೆ ಎದ್ದು ಕಾಣುತ್ತವೆ. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ, ಫೋಲ್ಡ್‌ಸ್ಕೋಪ್, ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ, ಕೆಳಗೆ ಬಿದ್ದರೂ ಒಡೆಯುವುದಿಲ್ಲ. ಹಾಗಾಗಿ ಸಲಕರಣೆಯಿಲ್ಲ ಎಂಬ ನೆಪಕ್ಕೆ ಈಗ ಹೆಚ್ಚು ಬೆಲೆಯಿಲ್ಲ.

ಚಟುವಟಿಕೆ ನಡೆಯದಿರಲು ಅಸಲು ಕಾರಣ ಪ್ರಶ್ನೆಪತ್ರಿಕೆ. ಅಲ್ಲಿ ಕೇಳದ್ದನ್ನು ಯಾವ ಶಾಲೆಯೂ ಮಾಡಿಸುವುದಿಲ್ಲ, ಪಾಪ, 70 ಮಕ್ಕಳನ್ನು ಇಟ್ಟುಕೊಂಡು ಫಲಿತಾಂಶಕ್ಕೆ ಉತ್ತರ ಕೊಡಬೇಕಾದ ಶಿಕ್ಷಕರನ್ನು ದೂರಿ ಫಲವಿಲ್ಲ. ಹೆಸರಿಸಿ, ಪಟ್ಟಿಮಾಡಿ, ಚಿತ್ರ ಬರೆದು ಭಾಗ ಗುರುತಿಸಿ ಎಂಬುದರಲ್ಲಿ ಒಂದನ್ನಾದರೂ ತೆಗೆದು, ಹೀಗೆ ಕೇಳಿ ನೋಡಲಿ: ಮಟ್ಟೆಯ ನಾರು ನೀರು ಹಿಡಿಯದು, ಪುಡಿ ಹಿಡಿಯುತ್ತದೆ, ಕಾರಣವೇನು? ಮಾವಿಗೆ ಕಸಿ ಕಟ್ಟಬಹುದು, ತೆಂಗಿಗೆ ಯಾಕಾಗದು? ತೊಗಟೆಯ ಉಂಗುರ ತೆಗೆದ ಹೊಂಗೆಯ ಎಲೆ ಕೂಡಲೇ ಬಾಡದಿರಲು ಕಾರಣ ಕೊಡಿ. ಗೈಡ್ ಪುಸ್ತಕದವರು ಇವಕ್ಕೂ ಉತ್ತರ ಅಚ್ಚು ಹಾಕಿಬಿಡುತ್ತಾರೆ, ಗೊತ್ತು. ಹಾಕಲಿ. ಕನಿಷ್ಠ ಆ ಉತ್ತರ ಬಾಯಿಪಾಠ ಮಾಡಿದ ಮಗು ತೋಟಕ್ಕೆ ಹೋದಾಗ ಕೆಲಸಕ್ಕೆ ಬರುತ್ತದೆ.

ಶಾಲೆಯ ಹೊರಗೂ ಒಂದು ಕೆಲಸ ಬಾಕಿಯಿದೆ. ವಿದ್ಯುತ್ ತಂತಿಗೆ ತಾಗುವ ಕೊಂಬೆ ಕಡಿಯಲು ಮಳೆಗಾಲದ ಮುಂಚೆ ಜನ ಬರುತ್ತಾರೆ. ಅವರು ಕೊಂಬೆಯನ್ನು ಒಂದೋ ಮೊಣಕೈಯುದ್ದದ ಮೋಟು ಬಿಟ್ಟು ಕಡಿಯುತ್ತಾರೆ, ಇಲ್ಲವೇ ಕಾಂಡಕ್ಕೆ ನುಣ್ಣಗೆ ಸವರುತ್ತಾರೆ. ಎರಡೂ ತಪ್ಪು. ಕೊಂಬೆ ಕಾಂಡ ಸೇರುವ ಕಡೆ ಸ್ವಲ್ಪ ಉಬ್ಬಿದ ಕೊರಳಿರುತ್ತದೆ. ಅದಕ್ಕೆ ಗಾಯ ಮಾಡದೆ, ಅದರ ಹೊರಗೆ ಕೊಯ್ದರೆ ಕ್ಯಾಂಬಿಯಂ ಸುತ್ತಲಿಂದ ಬಂದು ಗಾಯ ಮುಚ್ಚುತ್ತದೆ. ಮೋಟು ಉಳಿದರೆ ಅದು ಸತ್ತು, ಕೊಳೆತು, ಕೊಳೆ ಒಳಗಿಳಿಯುತ್ತದೆ. ನುಣ್ಣಗೆ ಸವರಿದರೆ ಮುಚ್ಚಬೇಕಾದ ಅಂಗಾಂಶವೇ ಹೋಗಿರುತ್ತದೆ. ಇದನ್ನು ತೋರಿಸಲು ಒಂದು ಗಂಟೆ, ಒಂದು ಗರಗಸ, ಕಡಿಯಲೇಬೇಕಾದ ಒಂದು ಕೊಂಬೆ ಸಾಕು. ಮರ ಸವರುವ ಕೆಲಸದ ಟೆಂಡರಿನಲ್ಲಿ ಹಗ್ಗ ಎಷ್ಟು, ಏಣಿ ಎಷ್ಟು, ಕಸ ಸಾಗಿಸುವ ಗಾಡಿ ಎಷ್ಟು ಎಂದು ಷರತ್ತು ಬರೆಯುವವರು ‘ಕೊರಳಿನ ಹೊರಗೆ ಕೊಯ್ಯತಕ್ಕದ್ದು, ಕಾಂಡಕ್ಕೆ ತಂತಿ ಕಟ್ಟತಕ್ಕದ್ದಲ್ಲ’ ಎಂದು ಇನ್ನೊಂದು ಸಾಲು ಸೇರಿಸಬಹುದು. ಅದಕ್ಕೆ ವಿಧಾನಸೌಧದಿಂದ ಆದೇಶ ಬರುವವರೆಗೆ ಕಾಯಬೇಕಿಲ್ಲ, ನಗರಸಭೆಯ ಮುಂದಿನ ಸಭೆಯಲ್ಲೇ ಆಗುವ ಕೆಲಸ.